ಊರ ಅಂಚೆ ಉಳಿಸೋಕೆ ಸಾವಿರ ಕಾರ್ಡು ಬರೆದರೆ ಪ್ರಯೋಜನ ಇದೆಯಾ?

ಪ್ರಶ್ನೆ: ಓದುಗಬಳಗ

ನಮ್ಮದು ತಾಲ್ಲೂಕು ಕೇಂದ್ರದ ಒಂದು ಓದುಗರ ಬಳಗ, ನಲವತ್ತು ಜನ ಇದ್ದೇವೆ. ಬಸ್ ಸ್ಟ್ಯಾಂಡ್ ಎದುರಿನ ಅಂಚೆ ಡಬ್ಬಿ ತೆಗೀತಾರಂತೆ, ಪಕ್ಕದ ಹಳ್ಳಿಯ ಬ್ರಾಂಚ್ ಆಫೀಸನ್ನು ಬೇರೆ ಊರಿಗೆ ಸೇರಿಸ್ತಾರಂತೆ ಅನ್ನೋ ಮಾತು ಓಡಾಡ್ತಿದೆ. 2020ರಲ್ಲಿ ಅಮೆರಿಕದಲ್ಲಿ ಜನ ಸ್ಟಾಂಪು ಕೊಂಡು, ಕಾಗದ ಬರೆದು ತಮ್ಮ ಅಂಚೆ ಸೇವೆಯ ಪರ ನಿಂತಿದ್ದರಲ್ಲ, ಅಂಥದ್ದೇ ಒಂದು ಅಭಿಯಾನ ಮಾಡೋಣ ಅಂತ ಯೋಚನೆ. ಅಕ್ಟೋಬರ್ 9 ವಿಶ್ವ ಅಂಚೆ ದಿನ. ಆ ದಿನ ‘ಅಂಚೆ ಉಳಿಸಿ’ ಅಂತ ಅಚ್ಚು ಹಾಕಿಸಿದ 1000 ಕಾರ್ಡುಗಳನ್ನು ದೆಹಲಿಗೆ ಕಳಿಸುವುದು, ಆಮೇಲೆ ಶಾಲೆ ಮಕ್ಕಳಿಂದ ಕಾಗದ ಬರೆಸುವುದು.

ಕೇಳಬೇಕಾದ್ದು ಇಷ್ಟು: ಇದರಿಂದ ಅಂಚೆಗೆ ನಿಜಕ್ಕೂ ಏನಾದರೂ ಉಪಯೋಗ ಆಗುತ್ತಾ? ಖರ್ಚು ಎಷ್ಟು? ಎಲ್ಲಿ ಎಡವುತ್ತೇವೆ? ಇಲಾಖೆಯ ಒಳಗಿನ ವ್ಯವಹಾರ ಬಲ್ಲವರು ದಯವಿಟ್ಟು ಹೇಳಿ.

ಉತ್ತರ 1: ಡಬ್ಬಿಬೀಗ

ಮೊದಲು ಅಚ್ಚು ಹಾಕಿಸೋದನ್ನು ನಿಲ್ಲಿಸಿ. 50 ಪೈಸೆ ಕಾರ್ಡು ಕೈಯಲ್ಲಿ ಬರೆದದ್ದಕ್ಕೆ ಮಾತ್ರ. ಒಕ್ಕಣೆ ಅಚ್ಚಾಗಿದ್ದರೆ ಅದು ‘ಪ್ರಿಂಟೆಡ್ ಪೋಸ್ಟ್ ಕಾರ್ಡ್’, ದರ 6 ರೂಪಾಯಿ. ನಿಮ್ಮ ಸಾವಿರ ಕಾರ್ಡಿಗೆ 500 ರೂಪಾಯಿ ಅಂದುಕೊಂಡಿದ್ದರೆ ಅದು 6000 ಆಯಿತು, ಪ್ರೆಸ್ಸಿನ ಖರ್ಚು ಬೇರೆ. 50 ಪೈಸೆ ದರದಲ್ಲೇ ಹಾಕಿಬಿಟ್ಟರೆ ಕಡಿಮೆ ಬಿದ್ದ ಹಣದ ದುಪ್ಪಟ್ಟನ್ನು ಪಡೆಯುವವರಿಂದ ಕೇಳುತ್ತಾರೆ. ಅಂದರೆ ಒಂದೊಂದು ಕಾರ್ಡಿಗೆ 11 ರೂಪಾಯಿ. ಮಂತ್ರಿಗಳ ಕಚೇರಿ ಅದನ್ನು ಕಟ್ಟಿ ಬಿಡಿಸಿಕೊಳ್ಳುತ್ತೆ ಅಂತ ನಂಬಬೇಡಿ.

ಎರಡನೆಯದು, ಅಮೆರಿಕದ ಮಾದರಿ ಇಲ್ಲಿಗೆ ಹಾಗೇ ಕೂರುವುದಿಲ್ಲ. ಅಲ್ಲಿನ ಅಂಚೆ ದಿನನಿತ್ಯದ ಖರ್ಚಿಗೆ ತೆರಿಗೆ ಹಣ ನೆಚ್ಚಿಕೊಂಡಿಲ್ಲ, ಸ್ಟಾಂಪು ಮಾರಿದ ದುಡ್ಡಲ್ಲೇ ನಡೆಯಬೇಕು. ಜನ ಸ್ಟಾಂಪು ಕೊಂಡಿದ್ದಕ್ಕೆ ಅರ್ಥ ಇತ್ತು. ನಮ್ಮದು ಕೇಂದ್ರ ಸರ್ಕಾರದ ಇಲಾಖೆ. ನೀವು ಕೊಟ್ಟ ದುಡ್ಡು ಸರ್ಕಾರದ ಒಟ್ಟು ಖಜಾನೆಗೆ, ಅಂದರೆ ಸಂಚಿತ ನಿಧಿಗೆ ಹೋಗುತ್ತೆ, ಕೊರತೆ ಬಿದ್ದರೆ ಬಜೆಟ್ಟಿನಲ್ಲಿ ತುಂಬುತ್ತಾರೆ. ಹಾಗಾಗಿ ಇಲ್ಲಿ ರೂಪಾಯಿಗಿಂತ ಎಣಿಕೆ ಮುಖ್ಯ. ಆ ಎಣಿಕೆ ಎಲ್ಲಿ ಬೀಳುತ್ತೆ ಅನ್ನೋದು ಇನ್ನೂ ಮುಖ್ಯ.

ಒಂದೇ ಕಾಗದ ಮೂರು ಕಡೆ ಲೆಕ್ಕಕ್ಕೆ ಬರುತ್ತೆ. ಸ್ಟಾಂಪು ಯಾವ ಕಚೇರಿಯಲ್ಲಿ ಕೊಂಡಿರೋ ಆ ಕಚೇರಿಯ ಆದಾಯಕ್ಕೆ. ಯಾವ ಡಬ್ಬಿಗೆ ಹಾಕಿದಿರೋ ಆ ಡಬ್ಬಿಯ ತೆರವಿಗೆ, ಅಂದರೆ ಬೀಗ ತೆಗೆದು ಕಾಗದ ಎತ್ತಿಕೊಳ್ಳೋ ಲೆಕ್ಕಕ್ಕೆ. ಯಾರ ಮನೆಗೆ ಹೋಯಿತೋ ಆ ಬೀಟಿನ ಪೋಸ್ಟ್‌ಮ್ಯಾನ್ ಕೆಲಸದ ಲೆಕ್ಕಕ್ಕೆ. ನೀವು ಜಿಲ್ಲಾ ಕೇಂದ್ರದ ಹೆಡ್ ಪೋಸ್ಟ್ ಆಫೀಸಲ್ಲಿ ಕಾರ್ಡು ಕೊಂಡು, ಅಲ್ಲೇ ಕೌಂಟರಿನಲ್ಲಿ ಕೊಟ್ಟು, ದೆಹಲಿಗೆ ಕಳಿಸಿದರೆ ನಿಮ್ಮ ಬಸ್ ಸ್ಟ್ಯಾಂಡ್ ಡಬ್ಬಿಗೂ ಪಕ್ಕದ ಹಳ್ಳಿಯ ಬ್ರಾಂಚಿಗೂ ಬಂದ ಭಾಗ್ಯ ಸೊನ್ನೆ.

ಮಾಡಬೇಕಾದ್ದು ಇದು: ಸ್ಟಾಂಪು, ಕಾರ್ಡು, ಇನ್‌ಲ್ಯಾಂಡು ಎಲ್ಲವನ್ನೂ ಆ ಬ್ರಾಂಚ್ ಆಫೀಸಲ್ಲೇ ಕೊಳ್ಳಿ. ಅಲ್ಲಿ ದಾಸ್ತಾನಿಗೆ ಮಿತಿ ಇರುತ್ತೆ. ಏಕಾಏಕಿ ಹೋಗಿ 200 ಇನ್‌ಲ್ಯಾಂಡ್ ಕೇಳಿದರೆ ಬಿಪಿಎಂ (ಬ್ರಾಂಚ್ ಪೋಸ್ಟ್‌ಮಾಸ್ಟರ್) ಕೈ ಚೆಲ್ಲುತ್ತಾರೆ. ಮೂರು ನಾಲ್ಕು ದಿನ ಮುಂಚೆ ಹೇಳಿದರೆ ಅವರು ತಮ್ಮ ಲೆಕ್ಕ ನೋಡೋ ಮೇಲಿನ ಅಂಚೆ ಕಚೇರಿಗೆ (ಅಕೌಂಟ್ ಆಫೀಸು) ಬರೆದು ಬ್ಯಾಗಿನಲ್ಲಿ ತರಿಸಿಕೊಳ್ತಾರೆ. ಬರೆದದ್ದನ್ನು ಬಸ್ ಸ್ಟ್ಯಾಂಡ್ ಡಬ್ಬಿಗೇ ಹಾಕಿ, ಆದರೆ ಒಂದೇ ದಿನ ಸಾವಿರ ಸುರಿಯಬೇಡಿ. ಬಾಯಿ ಕಟ್ಟಿಕೊಂಡರೆ ಹೊರಗೆ ನೇತಾಡೋ ಕಾಗದ ಮಳೆಗೋ ಕಿಡಿಗೇಡಿಗೋ ಸಿಗುತ್ತೆ. ವಾರಕ್ಕೆ ನಲವತ್ತು ಐವತ್ತರಂತೆ ವರ್ಷಪೂರ್ತಿ ಬಿದ್ದರೆ ಆ ಡಬ್ಬಿ ಖಾಲಿ ಅಂತ ಬರೆಯೋಕೆ ಯಾರಿಗೂ ಆಗಲ್ಲ. ಬಹಳಷ್ಟು ಡಬ್ಬಿಗಳ ಒಳಗೆ ಬಾರ್‌ಕೋಡ್ ಚೀಟಿ ಅಂಟಿಸಿದ್ದಾರೆ, ‘ನಾನ್ಯಥಾ’ ಅನ್ನೋ ವ್ಯವಸ್ಥೆ. ತೆರವು ಮಾಡುವವರು ಬೀಗ ತೆಗೆದು ಅದನ್ನು ಸ್ಕ್ಯಾನ್ ಮಾಡಿದಾಗಲೇ ಹೊತ್ತು ದಾಖಲಾಗುತ್ತೆ.

ಉತ್ತರ 2: ಲೆಕ್ಕದಮೇಷ್ಟ್ರು

ಡಬ್ಬಿಬೀಗ ಅವರು ಹೇಳಿದ್ದು ಸರಿ, ಆದರೆ ಕಾರ್ಡಿನ ವಿಷಯದಲ್ಲಿ ಇನ್ನೂ ಒಂದು ಕಹಿ ಮಾತಿದೆ. ಇಲಾಖೆಯದೇ 2016-17ರ ಲೆಕ್ಕದ ಪ್ರಕಾರ ಒಂದು ಕಾರ್ಡು ತಲುಪಿಸೋಕೆ 12 ರೂಪಾಯಿಗೂ ಮೇಲೆ ಖರ್ಚು, ಬರೋದು 50 ಪೈಸೆ. ನೀವು ಸಾವಿರ ಕಾರ್ಡು ಬರೆದರೆ ಇಲಾಖೆಗೆ ಸುಮಾರು ಹನ್ನೊಂದೂವರೆ ಸಾವಿರ ರೂಪಾಯಿ ಹೊರೆ. ಬೆಂಬಲ ಅಂತ ಹೇಳಿ ನಷ್ಟ ಹೆಚ್ಚಿಸಿದ ಹಾಗೆ. ಬರೆಯೋದಾದರೆ 5 ರೂಪಾಯಿ ಕವರಿನಲ್ಲಿ ಬರೆಯಿರಿ: 20 ಗ್ರಾಮಿನವರೆಗೆ 5, ಆಮೇಲೆ ಪ್ರತಿ 20 ಗ್ರಾಮಿಗೆ ಇನ್ನೂ 5. ಮಾಮೂಲಿ ಎ4 ಹಾಳೆ ಒಂದು 5 ಗ್ರಾಂ ತೂಗುತ್ತೆ, ಹಾಗಾಗಿ ತೆಳು ಕವರಿನಲ್ಲಿ ಮೂರು ಹಾಳೆ ನಿಶ್ಚಿಂತೆಯಿಂದ ಹೋಗುತ್ತೆ. ನಾಲ್ಕು ಇಟ್ಟರೆ ಕವರಿನ ತೂಕ ಸೇರಿ ಗಡಿ ದಾಟುತ್ತೆ. ಮದುವೆ ಕಾಗದದ ದಪ್ಪ ಕವರಾದರೆ ಎರಡಕ್ಕೇ ತೂಗಿ ನೋಡಿ.

ಬ್ರಾಂಚ್ ಆಫೀಸಿನ ಲೆಕ್ಕವನ್ನೂ ಹೇಳಿಬಿಡ್ತೀನಿ. ಹೊಸ ಬ್ರಾಂಚ್ ತೆರೆಯೋಕೆ ಇಲಾಖೆ ಇಟ್ಟುಕೊಂಡ ಅಳತೆ: ಸಾಮಾನ್ಯ ಪ್ರದೇಶದಲ್ಲಿ ಹಳ್ಳಿಗಳ ಗುಂಪಿಗೆ 3000 ಜನಸಂಖ್ಯೆ, ಹತ್ತಿರದ ಅಂಚೆ ಕಚೇರಿಯಿಂದ 3 ಕಿ.ಮೀ. ದೂರ, ಖರ್ಚಿನ ಮೂರನೇ ಒಂದು ಭಾಗದಷ್ಟಾದರೂ ಆದಾಯ. ಗುಡ್ಡಗಾಡು, ಬುಡಕಟ್ಟು ಪ್ರದೇಶಕ್ಕೆ ಆದಾಯ 15 ಶೇಕಡಾ ಇದ್ದರೆ ಸಾಕು. ಇರೋ ಕಚೇರಿಯ ಬಗ್ಗೆ ಮಾತೆತ್ತಿದಾಗಲೂ ಕಣ್ಣು ಹೋಗೋದು ಇದರ ಕಡೆಗೇ. ಈಗ ಹೋಲಿಸಿ. 2018ರ ಪರಿಷ್ಕರಣೆಯಲ್ಲಿ ದಿನಕ್ಕೆ 4 ಗಂಟೆಯ ಬಿಪಿಎಂ ಭತ್ಯೆ ತಿಂಗಳಿಗೆ 12,000ದಿಂದ ಶುರು, ಅದರ ಮೇಲೆ ತುಟ್ಟಿಭತ್ಯೆ. ಅವರೊಬ್ಬರದ್ದೇ ಹಿಡಿದರೂ ತಿಂಗಳಿಗೆ 4000 ಮೀರಿದ ಆದಾಯ ತೋರಿಸಬೇಕು. ನಿಮ್ಮ ನಲವತ್ತು ಜನ ವಾರಕ್ಕೊಂದು ಕವರು ಬರೆದರೆ ತಿಂಗಳಿಗೆ 800 ರೂಪಾಯಿ.

ಅಂದರೆ ಕಾಗದ ಡಬ್ಬಿಯನ್ನು ಉಳಿಸಬಹುದು, ಕಚೇರಿಯನ್ನು ಉಳಿಸೋದು ಉಳಿತಾಯ ಖಾತೆ. ಎಸ್‌ಬಿ ಖಾತೆಗೆ ಕನಿಷ್ಠ 500, ಆರ್‌ಡಿ ತಿಂಗಳಿಗೆ 100, ಹೆಣ್ಣುಮಗುವಿಗೆ ಸುಕನ್ಯಾ ಸಮೃದ್ಧಿ ವರ್ಷಕ್ಕೆ 250ರಿಂದ. ಪ್ರತಿ ಖಾತೆಗೆ, ಪ್ರತಿ ವ್ಯವಹಾರಕ್ಕೆ ಕಚೇರಿಯ ಹೆಸರಲ್ಲಿ ಆದಾಯ ಜಮೆ ಆಗುತ್ತೆ. ನಲವತ್ತು ಜನ ಆ ಬ್ರಾಂಚಿನಲ್ಲೇ ಒಂದೊಂದು ಆರ್‌ಡಿ ತೆರೆದು ತಪ್ಪದೆ ಕಟ್ಟಿದರೆ ಸಾವಿರ ಕಾರ್ಡಿಗಿಂತ ತೂಕ. ಎಸ್‌ಬಿ ತೆರೆದು 500ಕ್ಕಿಂತ ಕೆಳಗೆ ಬಿಟ್ಟು ಮರೆತರೆ ಮಾತ್ರ ವರ್ಷಕ್ಕೆ 50 ರೂಪಾಯಿ ಕತ್ತರಿಸ್ತಾರೆ, ಅಭಿಯಾನಕ್ಕೆ ಅಂತ ತೆರೆದ ಖಾತೆಗಳೆಲ್ಲ ಹೀಗೇ ಸಾಯೋದು.

ಉತ್ತರ 3: ಡಬ್ಬಿಬೀಗ

ಮೇಷ್ಟ್ರೇ, ಖಾತೆಯ ಮಾತು ಒಪ್ಪಿದೆ. ಆದರೆ ಆ 12 ರೂಪಾಯಿ ಸರಾಸರಿ ಖರ್ಚು. ಸಂಬಳ, ಕಟ್ಟಡ, ಗಾಡಿ ಎಲ್ಲವನ್ನೂ ಕಾಗದದ ಸಂಖ್ಯೆಯಿಂದ ಭಾಗಿಸಿದ್ದು. ಪೋಸ್ಟ್‌ಮ್ಯಾನ್ ಆಧಾರ್ ಕಾರ್ಡಿನ ಕವರು, ಎಲ್‌ಐಸಿ ನೋಟಿಸು ಹಿಡಿದುಕೊಂಡು ಹೇಗೂ ಆ ಬೀದಿಗೆ ಹೋಗ್ತಾರೆ. ಅವರ ಚೀಲಕ್ಕೆ ಇನ್ನೊಂದು ಕಾರ್ಡು ಬಿದ್ದರೆ ಹೆಚ್ಚುವರಿ ಖರ್ಚು 12 ರೂಪಾಯಿ ಆಗಲ್ಲ. ಭಾಜಕ ದೊಡ್ಡದಾದಷ್ಟೂ ಸರಾಸರಿ ಇಳಿಯುತ್ತೆ, ಇದು ನಿಮಗೆ ನಾನು ಹೇಳಿಕೊಡಬೇಕಾ.

ಸಂಖ್ಯೆ ಕುಸಿದರೆ ಏನಾಗುತ್ತೆ ಅನ್ನೋದಕ್ಕೆ ಡೆನ್ಮಾರ್ಕ್ ಇದೆ. ಅಲ್ಲಿ 2000ದಿಂದ ಈಚೆಗೆ ಕಾಗದಗಳು 90 ಶೇಕಡಾಕ್ಕಿಂತ ಹೆಚ್ಚು ಇಳಿದವು, ಎಲ್ಲರಿಗೂ ಸೇವೆ ಕೊಡಲೇಬೇಕು ಅನ್ನೋ ಕಟ್ಟುಪಾಡನ್ನು ಕಾನೂನಿನಿಂದ ತೆಗೆದರು. 1624ರಿಂದ ನಡೆದುಬಂದ ಕಾಗದ ಬಟವಾಡೆಯನ್ನು ಅಲ್ಲಿನ ಅಂಚೆ ಕಂಪನಿ ಪೋಸ್ಟ್‌ನಾರ್ಡ್ 2025ರ ಡಿಸೆಂಬರ್ 30ಕ್ಕೆ ನಿಲ್ಲಿಸಿತು, ಸುಮಾರು 1500 ಡಬ್ಬಿಗಳನ್ನು ಕಿತ್ತರು. ಕಾಗದಕ್ಕೆ ಅಲ್ಲೀಗ ಖಾಸಗಿ ಕಂಪನಿಯೇ ಗತಿ.

ಹಾಗಂತ ಕಾರ್ಡೇ ಬರೆಯಿರಿ ಅಂತಲೂ ಹೇಳ್ತಿಲ್ಲ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡು ನನ್ನ ಮಟ್ಟಿಗೆ ಸರಿಯಾದ ಮಧ್ಯದ ದಾರಿ. ಜಾಗ ಬೇಕಾದಷ್ಟಿದೆ, ಅಂಟಿಸಿದರೆ ಯಾರೂ ಓದೋ ಹಾಗಿಲ್ಲ.

ಉತ್ತರ 4: ಕಪ್ಪುಹಲಗೆ

ಶಾಲೆಯ ಭಾಗಕ್ಕೆ ನಾನು ಬರೀತೀನಿ, ಕೆಡೋದು ಹೆಚ್ಚಾಗಿ ಇಲ್ಲೇ.

ಮಕ್ಕಳ ಕಾಗದ ದೆಹಲಿಗೆ ಕಳಿಸಿದರೆ ಉತ್ತರ ಬರಲ್ಲ, ಎರಡನೇ ಕಾಗದ ಬರೆಯೋಕೆ ಯಾವ ಮಗುವೂ ಪೆನ್ನು ಹಿಡಿಯಲ್ಲ. ಇನ್ನೊಂದು ಜಿಲ್ಲೆಯ ಒಂದು ಶಾಲೆ ಜೊತೆ ಜೋಡಿ ಮಾಡಿಕೊಳ್ಳಿ. ಒಂದು ತರಗತಿ 30 ಮಕ್ಕಳು ಅಂದರೆ ತಿಂಗಳಿಗೊಮ್ಮೆ 30 ಇನ್‌ಲ್ಯಾಂಡು, 75 ರೂಪಾಯಿ. ಅಷ್ಟೇ ಸಂಖ್ಯೆ ಆ ಕಡೆಯಿಂದ ಬರುತ್ತೆ. ವಿಳಾಸ ಮಾತ್ರ ಮನೆಯದ್ದು ಬೇಡ, ಫೋನ್ ನಂಬರ್ ಬೇಡವೇ ಬೇಡ. ‘ಮುಖ್ಯ ಶಿಕ್ಷಕರ ಮೂಲಕ’ ಅಂತ ಹಾಕಿಸಿ, ಮಗುವಿನ ಹೆಸರು, ತರಗತಿ ಸಾಕು. ಏಪ್ರಿಲ್-ಮೇ ತಿಂಗಳಲ್ಲಿ, ದಸರಾ ರಜೆಯಲ್ಲಿ ಹಾಕಬೇಡಿ. ಶಾಲೆಗೆ ಬೀಗ ಇದ್ದಾಗ ಬಂದ ಕಾಗದ ವಾಪಸ್ ಹೋಗುತ್ತೆ, ಕಳಿಸಿದವರ ವಿಳಾಸ ಇಲ್ಲದಿದ್ದರೆ ನೇರ ರಿಟರ್ನ್ಡ್ ಲೆಟರ್ ಆಫೀಸಿಗೆ, ಅಂದರೆ ವಾರಸುದಾರರು ಸಿಗದ ಕಾಗದ ಸೇರೋ ಕಚೇರಿಗೆ.

ಇನ್‌ಲ್ಯಾಂಡಿನ ವಿಷಯ. ಒಳಗೆ ಏನನ್ನೂ ಇಡೋ ಹಾಗಿಲ್ಲ, ಅದರ ಮೇಲೇ ಬರೆದಿರುತ್ತೆ. ಮಕ್ಕಳು ನವಿಲುಗರಿ, ಸ್ಟಿಕ್ಕರ್, ಒಣಗಿದ ಹೂವು ಇಟ್ಟೇ ಇಡ್ತಾರೆ, ಅಂಟಿಸೋ ಮುಂಚೆ ಒಂದೊಂದನ್ನೂ ಬಿಡಿಸಿ ನೋಡಿ. ಅಂಥದ್ದು ಕಳಿಸಲೇಬೇಕಾದರೆ 5 ರೂಪಾಯಿ ಕವರು. ಬರೆಯುವಾಗ ನಾಲ್ಕೂ ಅಂಚಿಗೆ ಒಂದು ಬೆರಳಗಲ ಜಾಗ ಬಿಡಿಸಿ. ತುದಿವರೆಗೆ ಬರೆದರೆ ತೆರೆಯುವಾಗ ಕೊನೆಯ ಸಾಲು ಅಂಟಿನ ಜೊತೆ ಹರಿದುಹೋಗುತ್ತೆ. ಮಡಚೋದು ಗೆರೆ ಇದ್ದ ಕಡೆಯೇ, ವಿಳಾಸದ ಮುಖ ಹೊರಗೆ ಬರೋ ಹಾಗೆ. ಗೋಂದನ್ನು ಮಡಿಕೆಯ ಅಂಚಿಗಷ್ಟೇ, ಬೆರಳ ತುದಿಯಷ್ಟು ಸವರಿ. ಹೆಚ್ಚಾದರೆ ಒಳಪುಟಗಳೇ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಒದ್ದೆ ಇದ್ದಾಗಲೇ ಕಟ್ಟು ಕಟ್ಟಿದರೆ ಮೂವತ್ತೂ ಸೇರಿ ಒಂದು ಇಟ್ಟಿಗೆ. ಹತ್ತು ನಿಮಿಷ ಬೆಂಚಿನ ಮೇಲೆ ಹರಡಿ. ಸ್ಟೇಪ್ಲರ್ ಪಿನ್ನು ಬೇಡ, ಬೇರೆ ಕಾಗದಕ್ಕೆ ಸಿಕ್ಕಿಕೊಳ್ಳುತ್ತೆ, ವಿಂಗಡಿಸುವವರ ಕೈ ಚುಚ್ಚುತ್ತೆ. ಸ್ಟಾಂಪಿನ ಮೇಲೆ ಸೆಲ್ಲೋಟೇಪ್ ಹಾಕಿದರೆ ಠಸ್ಸೆ ಹತ್ತುವುದಿಲ್ಲ, ಅಂಥದ್ದನ್ನು ತಿರಸ್ಕರಿಸಬಹುದು.

ಪೆನ್ನು ಬಾಲ್ ಪಾಯಿಂಟೇ ಆಗಲಿ. ಜೆಲ್ ಪೆನ್ನಿನ ವಿಳಾಸ ಮಲೆನಾಡಿನ ಜುಲೈಯಲ್ಲಿ ತಲುಪೋ ಹೊತ್ತಿಗೆ ನೀಲಿ ಕಲೆ.

ವಿಳಾಸ ಬರೆಸೋದೇ ಒಂದು ಪಾಠ. ಹಳ್ಳಿಗಾದರೆ ಈ ಕ್ರಮ:

ಹೆಸರು
ಮನೆ ಅಥವಾ ಶಾಲೆ, ಬೀದಿ
ಊರು, ‘ಅಂಚೆ:’ ಅಂತ ಹಾಕಿ ಬ್ರಾಂಚ್ ಆಫೀಸಿನ ಹೆಸರು
ತಾಲ್ಲೂಕು
ಜಿಲ್ಲೆ, ಪಿನ್‌ಕೋಡ್

ಮೂರನೇ ಸಾಲನ್ನೇ ಎಲ್ಲರೂ ಬಿಡೋದು. ಒಂದು ಸಬ್ ಆಫೀಸಿನ ಕೆಳಗಿನ ಎಲ್ಲ ಬ್ರಾಂಚುಗಳಿಗೂ ಪಿನ್ ಸಾಮಾನ್ಯವಾಗಿ ಒಂದೇ. ಹೊಸಹಳ್ಳಿ, ಬಸಾಪುರ, ರಾಂಪುರ ಅಂತ ಒಂದೇ ತಾಲ್ಲೂಕಲ್ಲಿ ಎರಡು ಮೂರು ಇರುತ್ತೆ. ಬ್ರಾಂಚಿನ ಹೆಸರಿಲ್ಲದಿದ್ದರೆ ವಿಂಗಡಿಸುವವರು ಅಂದಾಜಿಗೆ ಒಂದು ಬ್ಯಾಗಿಗೆ ಹಾಕ್ತಾರೆ, ತಪ್ಪಾದರೆ ‘ಮಿಸ್‌ಸೆಂಟ್’ ಅಂತ ಬರೆದು ಮಾರನೇ ದಿನ ತಿರುಗಿ ಬರುತ್ತೆ. ಪಿನ್‌ನಲ್ಲಿ 1 ಮತ್ತು 7 ಬಿಡಿಸಿ ಬರೆಸಿ. 577 ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಕಡೆ. ಅದು 571 ಅಂತ ಕಂಡರೆ ಕಾಗದ ಮೈಸೂರು-ಮಂಡ್ಯ ಸುತ್ತಿ ಬರುತ್ತೆ. ಕರ್ನಾಟಕದೊಳಗೆ ಪೂರ್ತಿ ವಿಳಾಸ ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ, ಪಿನ್ ಮಾತ್ರ 1, 2, 3 ಅಂಕಿಗಳಲ್ಲಿ. ಹೊರ ರಾಜ್ಯಕ್ಕಾದರೆ ಊರು, ಜಿಲ್ಲೆ, ರಾಜ್ಯವನ್ನು ಇಂಗ್ಲಿಷಿನಲ್ಲೂ ಹಾಕಿ.

ಕಾಗದಕ್ಕೊಂದು ನೆಪ ಬೇಕು ಅನ್ನೋರಿಗೆ ಇಲಾಖೆಯದೇ ‘ಢಾಯಿ ಆಖರ್’ ಅನ್ನೋ ಕಾಗದ ಬರೆಯೋ ಸ್ಪರ್ಧೆ ಇದೆ. 18ರೊಳಗೆ, 18 ಮೇಲೆ ಅಂತ ಎರಡು ವಯೋಮಾನ. ಇನ್‌ಲ್ಯಾಂಡಿನಲ್ಲಿ 500 ಪದ, ಕವರಿನಲ್ಲಿ ಎ4 ಹಾಳೆ ಮೇಲೆ 1000 ಪದದವರೆಗೆ. ಕೈಬರಹವೇ ಆಗಬೇಕು, ಕನ್ನಡ ನಡೆಯುತ್ತೆ. ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಹೆಸರಿಗೆ ಕಳಿಸೋದು. ವಯಸ್ಸು 18ಕ್ಕಿಂತ ಕಡಿಮೆ ಅಥವಾ ಹೆಚ್ಚು ಅಂತ ದೃಢೀಕರಿಸೋ ಒಂದು ಸಾಲು ಇರಲೇಬೇಕು, ಮಕ್ಕಳು ಕಾಗದ ಚೆನ್ನಾಗಿ ಬರೆದು ಇದನ್ನೇ ಮರೀತಾರೆ. ರಾಜ್ಯ ಮಟ್ಟದ ಮೊದಲ ಬಹುಮಾನ 25,000, ರಾಷ್ಟ್ರ ಮಟ್ಟದ್ದು 50,000. 9ರಿಂದ 15 ವಯಸ್ಸಿನವರಿಗೆ ವಿಶ್ವ ಅಂಚೆ ಒಕ್ಕೂಟದ ಅಂತರರಾಷ್ಟ್ರೀಯ ಸ್ಪರ್ಧೆ ಬೇರೆ ಇದೆ, ಅದು 1971ರಿಂದ ನಡೀತಿದೆ.

ಪ್ರಶ್ನೆ ಕೇಳಿದವರು: ಓದುಗಬಳಗ

ಎಲ್ಲರಿಗೂ ಧನ್ಯವಾದ. ಅಚ್ಚಿನ ಕಾರ್ಡು ಕೈಬಿಟ್ಟೆವು. ಆರ್‌ಡಿ ಮಾತು ಸಭೆಯಲ್ಲಿ ಇಡ್ತೀವಿ. ಇನ್ನೆರಡು ಸಂಶಯ: ಡಬ್ಬಿಯನ್ನು ಸರಿಯಾಗಿ ತೆರವು ಮಾಡ್ತಿದ್ದಾರೋ ಇಲ್ಲವೋ ಹೇಗೆ ಗೊತ್ತಾಗುತ್ತೆ? ‘ತೆಗೀತಾರಂತೆ’ ಅನ್ನೋದು ನಿಜವಾ ಅಂತ ಯಾರನ್ನ ಕೇಳೋದು?

ಉತ್ತರ 5: ಡಬ್ಬಿಬೀಗ

ಮೊದಲನೆಯದಕ್ಕೆ ಟೆಸ್ಟ್ ಲೆಟರ್. ಇಲಾಖೆಯ ಇನ್‌ಸ್ಪೆಕ್ಟರುಗಳೂ ಇದನ್ನೇ ಮಾಡೋದು. ಡಬ್ಬಿ ಮೇಲಿನ ಫಲಕದಲ್ಲಿ ತೆರವಿನ ಹೊತ್ತು ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮುಂಚೆ ನಿಮ್ಮದೇ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಕಾರ್ಡಿನೊಳಗೆ ಹಾಕಿದ ದಿನ, ಗಂಟೆ ಬರೆದಿರಿ. ಬಂದ ಮೇಲೆ ಠಸ್ಸೆಯ ತಾರೀಕು ನೋಡಿ. ಅದೇ ದಿನದ್ದಿದ್ದರೆ ತೆರವು ಸರಿಯಾಗಿದೆ. ಎರಡು ಮೂರು ದಿನ ತಡವಾಗಿದ್ದು, ಅದು ಪದೇಪದೇ ಆದರೆ ಬೀಗವೇ ತೆಗೆದಿಲ್ಲ. ವಾರದ ಬೇರೆ ಬೇರೆ ದಿನ ಹಾಕಿ, ಶನಿವಾರ ಸಂಜೆಯದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಠಸ್ಸೆ ಮಸುಕಾಗಿ ಓದೋಕೆ ಆಗದಿದ್ದರೆ ಆ ಕಾರ್ಡು ಸಾಕ್ಷಿಗೆ ಬರಲ್ಲ, ಇನ್ನೊಂದು ಹಾಕಿ. ಡಬ್ಬಿಯನ್ನೂ ಒಮ್ಮೆ ಸುತ್ತ ನೋಡಿ: ತಳ ತುಕ್ಕು ಹಿಡಿದು ತೂತಾಗಿರಬಹುದು, ಬಾಯಿಯ ಮುಚ್ಚಳ ಬಿದ್ದುಹೋಗಿ ಕಣಜ ಗೂಡು ಕಟ್ಟಿರಬಹುದು. ಇವನ್ನು ಫೋಟೋ ತೆಗೆದು ಸಬ್ ಪೋಸ್ಟ್‌ಮಾಸ್ಟರಿಗೆ ಲಿಖಿತವಾಗಿ ಕೊಟ್ಟರೆ ರಿಪೇರಿ ಆಗುತ್ತೆ. ಜನ ಉಪಯೋಗಿಸ್ತಿದ್ದಾರೆ ಅನ್ನೋದಕ್ಕೆ ಅದೇ ದಾಖಲೆಯೂ ಆಯಿತು.

ಎರಡನೆಯದು. ಊಹಾಪೋಹದ ಮೇಲೆ ಮನವಿ ಬರೆಯಬೇಡಿ, ಮೊದಲು ಆರ್‌ಟಿಐ ಹಾಕಿ. ನಿಮ್ಮ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆದು ಕೇಳಬೇಕಾದ್ದು: ಆ ಡಬ್ಬಿಯಲ್ಲಿ ಕಳೆದ 12 ತಿಂಗಳ ಕಾಗದಗಳ ಎಣಿಕೆ, ಎಣಿಕೆ ನಡೆದ ತಾರೀಕು; ಡಬ್ಬಿ ಸ್ಥಳಾಂತರದ ಬಗ್ಗೆ ಆದೇಶವೋ ಪ್ರಸ್ತಾವವೋ ಇದ್ದರೆ ಅದರ ಪ್ರತಿ; ಬ್ರಾಂಚ್ ಆಫೀಸಿನ ಕಳೆದ 3 ವರ್ಷದ ಆದಾಯ-ಖರ್ಚಿನ ತಖ್ತೆ. ‘ಯಾಕೆ ತೆಗೀತೀರಿ?’ ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ಕೈ ತೊಳೆದುಕೊಳ್ತಾರೆ, ದಾಖಲೆಯನ್ನೇ ಕೇಳಿ. ಶುಲ್ಕ 10 ರೂಪಾಯಿಯ ಪೋಸ್ಟಲ್ ಆರ್ಡರು, ‘ಅಕೌಂಟ್ಸ್ ಆಫೀಸರ್’ ಹೆಸರಿಗೆ. ಆ ಹೆಸರು ಬರೆಯದೆ ಖಾಲಿ ಲಗತ್ತಿಸಬೇಡಿ, ನಂಬರನ್ನು ಅರ್ಜಿಯಲ್ಲಿ ನಮೂದಿಸಿ. ಉತ್ತರಕ್ಕೆ 30 ದಿನ.

ಅರ್ಜಿಯನ್ನು ಸಾದಾ ಅಂಚೆಯಲ್ಲಿ ಹಾಕಬೇಡಿ. ಕಾಗದ ಹಾಕಿದ್ದಕ್ಕೆ ಸಾಕ್ಷಿಯಾಗಿ ಕೊಡ್ತಿದ್ದ ಹಿಂದಿನ ‘ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್’ 2011ರಲ್ಲೇ ನಿಂತಿದೆ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಈಗ ಸ್ಪೀಡ್ ಪೋಸ್ಟ್ ಮಾಡಿ ‘ರಿಜಿಸ್ಟ್ರೇಷನ್ ಬೇಕು’ ಅಂತ ಕೌಂಟರಿನಲ್ಲೇ ಹೇಳಬೇಕು, ಅದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚು. ಹೇಳದಿದ್ದರೆ ವಿಳಾಸದಲ್ಲಿದ್ದ ಯಾರ ಕೈಗಾದರೂ ಕೊಟ್ಟು ಬರ್ತಾರೆ.

ಅಂಕಿ ಅಂಶ ಕೈಗೆ ಬಂದ ಮೇಲೆ ಇಲಾಖೆ ದೂರು ಕೇಳೋ ಸಭೆಗೆ, ಅಂದರೆ ಡಾಕ್ ಅದಾಲತ್‌ಗೆ ಹೋಗಿ. ವಿಭಾಗ ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ ನಡೆಯುತ್ತೆ, ತಾರೀಕನ್ನು ಪತ್ರಿಕೆಯಲ್ಲಿ ಪ್ರಕಟಿಸ್ತಾರೆ, ಮುಂಚಿತವಾಗಿ ಲಿಖಿತ ದೂರು ಕೊಟ್ಟಿರಬೇಕು. ನಲವತ್ತು ಜನರ ಸಹಿಯ ಒಂದು ಮನವಿಗಿಂತ, ಡಬ್ಬಿ ಉಪಯೋಗಿಸೋ ಹತ್ತು ಜನ ಬೇರೆ ಬೇರೆ ಬರೆದ ಹತ್ತು ಕಾಗದ ಒಳ್ಳೆಯದು. ಒಂದೊಂದಕ್ಕೂ ಒಂದು ನಂಬರ್ ಬೀಳುತ್ತೆ, ಒಂದೊಂದಕ್ಕೂ ಉತ್ತರ ಕೊಡಬೇಕು.

ಉತ್ತರ 6: ಲೆಕ್ಕದಮೇಷ್ಟ್ರು

ಸರಾಸರಿ ಖರ್ಚಿನ ವಿಷಯ ಒಪ್ಪಿದೆ, ಡಬ್ಬಿಬೀಗ ಅವರೇ. ಒಂದು ಮಾತು ಸೇರಿಸ್ತೀನಿ: ಬಳಗದಿಂದ ತಿಂಗಳ ಪತ್ರಿಕೆ ತರುವ ಯೋಚನೆ ಇದ್ದರೆ ನೋಂದಾಯಿತ ಪತ್ರಿಕೆಯ ದರ ವಿಚಾರಿಸಿ. 50 ಗ್ರಾಮಿನವರೆಗೆ ಪ್ರತಿಗೆ 25 ಪೈಸೆ, 100 ಗ್ರಾಮಿನವರೆಗೆ 50 ಪೈಸೆ. ಪತ್ರಿಕೆಗೆ ಮೊದಲು ಹೆಸರು ನೋಂದಣಿ ಬೇಕು, ಆಮೇಲೆ ಅಂಚೆಯಲ್ಲಿ ನೋಂದಣಿ, ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಕಚೇರಿಯಿಂದಲೇ ಹಾಕಬೇಕು. ದಿನ ತಪ್ಪಿದರೆ ರಿಯಾಯಿತಿ ಇಲ್ಲ. ಪಿನ್ ಪ್ರಕಾರ ಕಟ್ಟು ಕಟ್ಟಿ, ಎಲ್ಲ ವಿಳಾಸ ಒಂದೇ ಮುಖಕ್ಕೆ ಬರೋ ಹಾಗೆ ಜೋಡಿಸಿ ಮಧ್ಯಾಹ್ನದೊಳಗೆ ಕೊಡಿ. ಸಂಜೆ ಬ್ಯಾಗ್ ಕಟ್ಟೋ ಹೊತ್ತಿಗೆ ತಂದು ಸುರಿದರೆ ಅದು ಮಾರನೇ ದಿನದ ಗಾಡಿಗೇ.